ನಿಧಾನಪ್ಪನವರು ಓಡಿದ ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅವರ ಕೈ ಹಿಡಿದುಕೊಂಡಿರುವ ಮಗಳಿಗೆ, ನಮ್ಮ ಕಚೇರಿಯ ಸರ್‌ಗೆ, ಅರ್ಧ ದಿನದ ಕೆಲಸ ಬಿಟ್ಟು ಬಂದಿರುವ ನಿಮಗೆಲ್ಲ — ನಮಸ್ಕಾರ. ಈ ಮೈಕು ಸ್ವಲ್ಪ ತಗ್ಗಿಸಿ ಕೊಡುತ್ತೀರಾ? ಹಾಂ. ಸಾಕು.

ಈ ಶ್ರದ್ಧಾಂಜಲಿ ಸಭೆಯಲ್ಲಿ ಅಣ್ಣನ ಬಗ್ಗೆ ಮಾತಾಡು ಎಂದು ಸರ್ ಹೇಳಿದಾಗ ನಾನು ಆಗುವುದಿಲ್ಲ ಎಂದಿದ್ದೆ. ಪ್ರಾಥಮಿಕ ಶಾಲೆ ಮುಗಿಸಿ ಕೆಲಸಕ್ಕೆ ಸೇರಿದವಳು ನಾನು. ಯಾವ ಸಭೆಗೆ ಹೋದರೂ ಹಿಂದಿನ ಕುರ್ಚಿ ಹುಡುಕಿ ಕೂರುವವಳು. ಆಮೇಲೆ ಅತ್ತಿಗೆಯೇ ಫೋನ್ ಮಾಡಿದರು. "ನೀನು ಅವರ ಪಕ್ಕದ ಮೇಜಿನವಳಲ್ವೇನೇ? ಪಕ್ಕದಲ್ಲಿ ಕೂತೋರಿಗೇ ಮನುಷ್ಯ ಗೊತ್ತಾಗೋದು. ಎದುರಿಗೆ ಕೂತೋರಿಗೆ ಏನು ಗೊತ್ತು, ಮುಖ ಗೊತ್ತು ಅಷ್ಟೆ" ಎಂದರು. ಅದಕ್ಕೇ ಬಂದು ನಿಂತಿದ್ದೇನೆ. ಬರೆದುಕೊಂಡು ಬಂದಿದ್ದೇನೆ. ನಡುವೆ ನಿಂತುಬಿಟ್ಟರೆ — ಸ್ವಲ್ಪ ತಾಳಿಕೊಳ್ಳಿ.

ನಾವೆಲ್ಲ ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆವು. ಬೆನ್ನ ಹಿಂದೆ ನಿಧಾನಪ್ಪನವರು ಎನ್ನುತ್ತಿದ್ದೆವು. ಬೆನ್ನ ಹಿಂದೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ, ಅವರಿಗೆ ಗೊತ್ತಿತ್ತು. ಒಂದು ಸಲ ಫೋನ್ ಎತ್ತಿದವರೇ "ಹಲೋ, ನಿಧಾನಪ್ಪ ಮಾತಾಡ್ತಿರೋದು, ನಿಮ್ಮ ಚಿತ್ರ ಇನ್ನೂ ಮುಗಿದಿಲ್ಲ" ಎಂದು ಹೇಳಿ ಇಟ್ಟುಬಿಟ್ಟರು. ಆ ಕಡೆ ಇದ್ದವರು ನಮ್ಮ ಸರ್.

ಸರ್ ನಗುತ್ತಿದ್ದಾರೆ. ನಗಿ ಸರ್. ಅಣ್ಣ ಇದ್ದಿದ್ದರೆ ಅವರೂ ನಗುತ್ತಿದ್ದರು.

ಇಲ್ಲಿ ಅಣ್ಣನ ಬೀದಿಯವರು ಬಂದಿದ್ದೀರಿ, ನೆಂಟರು ಬಂದಿದ್ದೀರಿ. ಅವರು ಏನು ಕೆಲಸ ಮಾಡುತ್ತಿದ್ದರು ಎಂದು ನಿಮ್ಮಲ್ಲಿ ಕೆಲವರಿಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಇಂಜಿನಿಯರ್ ಅಂತೆ, ಅಲ್ಲವಂತೆ, ಮನೆ ನಕ್ಷೆ ಬರೆಯುತ್ತಾರಂತೆ — ಹೀಗೆಲ್ಲ ಕೇಳಿದ್ದೇನೆ. ಅದು ಹೀಗೆ. ಯಾರೋ ಒಬ್ಬರು ಹೊಸದಾಗಿ ಒಂದು ವಸ್ತು ಮಾಡುತ್ತಾರೆ. ಬೀಗವೋ, ಪಂಪೋ, ಮಡಚುವ ಕುರ್ಚಿಯೋ. "ಇದು ನನ್ನ ತಲೆಯಿಂದ ಬಂದದ್ದು, ನನ್ನನ್ನು ಕೇಳದೆ ಬೇರೆಯವರು ಮಾಡಿ ಮಾರಬಾರದು" ಎಂದು ಸರ್ಕಾರಕ್ಕೆ ಅರ್ಜಿ ಹಾಕುತ್ತಾರೆ. ಅದೇ ಪೇಟೆಂಟ್ ಅರ್ಜಿ. ಅರ್ಜಿಯ ಬರಹವನ್ನು ನಮ್ಮ ಸರ್ ಬರೆಯುತ್ತಾರೆ, ಅವರು ಪೇಟೆಂಟ್ ಏಜೆಂಟರು. ಆ ಬರಹದ ಜೊತೆ ಚಿತ್ರ ಇರಬೇಕು. ಆ ಚಿತ್ರವನ್ನು ಅಣ್ಣ ಬರೆಯುತ್ತಿದ್ದರು. ಬಿಳಿಯ ಹಾಳೆ, ಕಪ್ಪು ಗೆರೆ, ಅಷ್ಟೆ. ಬಣ್ಣವಿಲ್ಲ. ಅಳತೆಯನ್ನೂ ಬರೆಯುವುದಿಲ್ಲ. ಪ್ರತಿ ಭಾಗಕ್ಕೂ ಒಂದು ಅಂಕಿ, ಅಂಕಿಯಿಂದ ಭಾಗದ ತನಕ ಒಂದು ಸಣ್ಣ ಗೆರೆ. ಚಿತ್ರದಲ್ಲಿರುವ ಅಂಕಿ ಬರಹದಲ್ಲಿ ಇರಬೇಕು, ಬರಹದಲ್ಲಿರುವುದು ಚಿತ್ರದಲ್ಲಿ ಇರಬೇಕು. ಒಂದು ಹೆಚ್ಚಿದರೂ ತಪ್ಪು, ಒಂದು ಕಡಿಮೆಯಾದರೂ ತಪ್ಪು.

ಈ ಅಭ್ಯಾಸ ಅವರನ್ನು ಮನೆಯಲ್ಲೂ ಬಿಡಲಿಲ್ಲ. ಮಗಳು ಚಿಕ್ಕವಳಿದ್ದಾಗ — ಹೇಳಲಾ ಅತ್ತಿಗೆ? — "ಅಪ್ಪಾ, ಒಂದು ಬೆಕ್ಕು ಬರೆದುಕೊಡು" ಎಂದು ಕೇಳಿದಳಂತೆ. ಅಣ್ಣ ಬರೆದುಕೊಟ್ಟರು. ಮುಂದಿನಿಂದ ಒಂದು ಬೆಕ್ಕು, ಪಕ್ಕದಿಂದ ಒಂದು ಬೆಕ್ಕು, ಮೇಲಿನಿಂದ ಒಂದು ಬೆಕ್ಕು. ಕಿವಿಗೆ ಅಂಕಿ, ಮೀಸೆಗೆ ಅಂಕಿ, ಬಾಲಕ್ಕೆ ಅಂಕಿ. ಮರೆಯಲ್ಲಿದ್ದ ಕಾಲುಗಳಿಗೆ ಚುಕ್ಕೆ ಗೆರೆ. ಮಗು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಮ್ಮಾ, ಅಪ್ಪ ಬೆಕ್ಕನ್ನ ಬಿಚ್ಚಿ ಹಾಕಿದ್ದಾರೆ" ಎಂದು ಅಳುತ್ತಾ ಅಡುಗೆಮನೆಗೆ ಓಡಿತಂತೆ.

ನಾನು ಅವರ ಪಕ್ಕದ ಮೇಜಿಗೆ ಬಂದದ್ದು ಕಸೂತಿ ಅಂಗಡಿಯಿಂದ. ಅಲ್ಲಿ ಬಟ್ಟೆಯ ಮೇಲೆ ಹೂಬಳ್ಳಿಯ ನಮೂನೆ ಇಳಿಸುವ ಕೆಲಸ ಮಾಡುತ್ತಿದ್ದೆ. ಕೈ ನಡುಗುವುದಿಲ್ಲ ಎಂದು ಯಾರೋ ಹೇಳಿ ಕಳಿಸಿದ್ದರು. ಅಣ್ಣ ನನಗೆ ಮೊದಲು ಕಲಿಸಿದ್ದು ಅಂಕಿಯಿಂದ ಭಾಗಕ್ಕೆ ಹೋಗುವ ಆ ಸಣ್ಣ ಗೆರೆಯನ್ನು. ನಾನು ಸರ್ರನೆ ಎಳೆದೆ. ಅವರು ನೋಡಿದರು. ಬೈಯಲಿಲ್ಲ.

"ಇದು ಬರೀ ಗೆರೆ ಅಲ್ಲ ಕಣಮ್ಮ" ಎಂದರು. "ಓದೋರ ಕೈ ಹಿಡ್ಕೊಂಡು ಅಂಕಿ ಹತ್ರದಿಂದ ಆ ಭಾಗದ ಮನೆ ಬಾಗಿಲ ತನಕ ಬಿಟ್ಟು ಬರೋದು. ದಾರೀಲಿ ಇನ್ನೊಬ್ಬರ ಗೆರೆ ತುಳೀಬಾರ್ದು. ಬಾಗಿಲಲ್ಲಿ ನಿಲ್ಬೇಕು, ಒಳಗೆ ನುಗ್ಗಬಾರ್ದು."

ನಾನು ಇವತ್ತಿಗೂ ಪ್ರತಿ ಗೆರೆಯನ್ನೂ ಹಾಗೇ ಎಳೆಯುತ್ತೇನೆ. ಈಗ ಕಂಪ್ಯೂಟರಿನಲ್ಲಿ ಎಳೆಯುತ್ತೇನೆ, ಆದರೂ ಹಾಗೇ.

ಅಣ್ಣನಿಗೆ ಇನ್ನೊಂದು ಪದ್ಧತಿ ಇತ್ತು. ಚಿತ್ರ ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಮನೆಗೆ ತೆಗೆದುಕೊಂಡು ಹೋಗುತ್ತಿದ್ದರು. ಅತ್ತಿಗೆ ತರಕಾರಿ ಹೆಚ್ಚುತ್ತಾ ಕೂತಿರುತ್ತಿದ್ದರು. ಇವರು ಹಾಳೆಯನ್ನು ಎದುರಿಗೆ ಇಟ್ಟು, "ಏ ಇವಳೇ, ಇದನ್ನ ಆಡಿಸು ನೋಡೋಣ" ಎನ್ನುತ್ತಿದ್ದರು. ಬೇರೆ ಒಂದು ಮಾತೂ ಹೇಳುತ್ತಿರಲಿಲ್ಲ. ಇದು ಏನು, ಯಾರು ಮಾಡಿದ್ದು, ಯಾತಕ್ಕೆ — ಏನೂ ಇಲ್ಲ. ಅತ್ತಿಗೆ ಕೈ ಒರೆಸಿಕೊಂಡು ಬೆರಳು ಇಟ್ಟು, "ಇದನ್ನ ಒತ್ತಿದ್ರೆ ಇದು ಮೇಲೇಳುತ್ತೆ, ಇದು ಮೇಲೆದ್ರೆ ನೀರು ಇಲ್ಲಿಂದ ಬರುತ್ತೆ" ಎಂದು ಹಾಳೆಯ ಮೇಲೆಯೇ ಆ ವಸ್ತುವನ್ನು ನಡೆಸಿ ತೋರಿಸಬೇಕು. ನಡೆಸಿದರೆ ಚಿತ್ರ ಪಾಸು. ಎಲ್ಲಾದರೂ ಬೆರಳು ತಡವರಿಸಿದರೆ ಅಣ್ಣ ಹಾಳೆ ಮಡಚಿ, ಮಾರನೆಯ ದಿನ ಆ ಜಾಗವನ್ನು ಮತ್ತೆ ಬರೆಯುತ್ತಿದ್ದರು.

ಅರ್ಜಿ ಹಾಕುವ ಮೊದಲು ಇಂಥ ಚಿತ್ರಗಳು ಗುಟ್ಟಾಗಿರಬೇಕು. ಸರ್‌ಗೆ ಈ ವಿಷಯ ಗೊತ್ತಾದಾಗ ಅವರು ಗಾಬರಿಯಾಗಿ, ಯಾರಿಗೂ ಹೇಳುವುದಿಲ್ಲ ಎಂದು ಅತ್ತಿಗೆಯಿಂದ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ಅತ್ತಿಗೆ ಸಹಿ ಹಾಕುತ್ತಾ, "ಬಾಯಿ ಮುಚ್ಕೊಂಡಿರೋದು ತಾನೆ? ಮದುವೆ ಆದಾಗಿಂದ ಅದೇ ಕೆಲಸ ಮಾಡ್ತಿದೀನಿ" ಎಂದರಂತೆ. ಅದು ಸುಳ್ಳು ಎಂದು ಅಣ್ಣ ನಮಗೆಲ್ಲ ಹೇಳಿದ್ದರು.

ಈಗ ನಾನು ಹೇಳಬೇಕೆಂದು ಬಂದಿರುವ ದಿನಕ್ಕೆ ಬರುತ್ತೇನೆ. ನಿಧಾನಪ್ಪನವರು ಓಡಿದ ದಿನ.

ಆ ಬಲಗಡೆ, ಕಿಟಕಿಯ ಹತ್ತಿರ, ಇಬ್ಬರು ಕೂತಿದ್ದಾರೆ. ಗಂಡ ಹೆಂಡತಿ. ಇಬ್ಬರೂ ಮನೆಗಳಿಗೆ ಬಣ್ಣ ಹೊಡೆಯುವವರು. ನಮ್ಮ ಕಚೇರಿಯಲ್ಲಿ ಪೇಂಟರ್, ಪೇಂಟರಮ್ಮ ಎಂದೇ ಕರೆಯುತ್ತೇವೆ, ಅದಕ್ಕೆ ಇಲ್ಲೂ ಹಾಗೇ ಹೇಳುತ್ತೇನೆ. ಒಂದು ಮನೆಯ ಹಿತ್ತಿಲಿನಲ್ಲಿ, ಏರುತಗ್ಗಾದ ನೆಲದಲ್ಲಿ, ಏಣಿ ಜಾರಿ ಪೇಂಟರಮ್ಮ ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು, ಒಂದು ಕಾಲು ಗಿಡ್ಡವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಏಣಿ ಹತ್ತುವುದನ್ನೇ ಬಿಟ್ಟರು, ಕೈಗೆಟಕುವ ಕಡೆ ಮಾತ್ರ ಬಣ್ಣ ಹೊಡೆಯುತ್ತಿದ್ದರು. ಮೊದಲ ಮೆಟ್ಟಿಲ ಮೇಲೆ ಕಾಲು ಇಟ್ಟರೆ ಮೈಯೆಲ್ಲ ಬೆವರುತ್ತಿತ್ತಂತೆ.

ಆಗ ಪೇಂಟರ್ ಏಣಿಗೆ ಒಂದು ಪಾದ ಮಾಡಿದರು. ಎಂಥ ನೆಲದಲ್ಲಿ ಇಟ್ಟರೂ ತಾನೇ ಹೊಂದಿಕೊಂಡು ಕೂರುವ ಪಾದ. ಎಷ್ಟೋ ಸಲ ಮಾಡಿ, ಕೆಡಿಸಿ, ಕೊನೆಗೆ ಒಂದು ಗಟ್ಟಿಯಾಗಿ ನಿಂತಿತು. ಅದನ್ನು ಒಂದು ಗೋಣಿಚೀಲದಲ್ಲಿ ಸುತ್ತಿಕೊಂಡು ನಮ್ಮ ಕಚೇರಿಗೆ ಬಂದರು. ಉಪಕರಣಗಳ ಒಂದು ಮೇಳ ಹತ್ತಿರದಲ್ಲೇ ಇತ್ತು. ಅಲ್ಲಿ ಹತ್ತು ಜನಕ್ಕೆ ತೋರಿಸಬೇಕು, ಕೊಳ್ಳುವವರು ಸಿಗಬೇಕು. ಆದರೆ ನಾಲ್ಕು ಜನರ ಮುಂದೆ ಇಟ್ಟುಬಿಟ್ಟ ಮೇಲೆ ಅರ್ಜಿ ಹಾಕಿದರೆ, "ಇದು ಆಗಲೇ ಎಲ್ಲರಿಗೂ ಗೊತ್ತಿರೋದೇ" ಎಂದು ತಳ್ಳಿಹಾಕುತ್ತಾರೆ. ಆದ್ದರಿಂದ ಅರ್ಜಿ ಮೇಳಕ್ಕಿಂತ ಮೊದಲು ಹೋಗಬೇಕು.

ಅಣ್ಣ ಆ ಪಾದವನ್ನು ಕಚೇರಿಯ ಏಣಿಗೆ ಸಿಕ್ಕಿಸಿ, ಮೆಟ್ಟಿಲ ಅಂಚಿನಲ್ಲಿ ಓರೆಯಾಗಿ ಇಟ್ಟು, ತಾವೇ ಹತ್ತಿದರು. ಮೇಲೆ ನಿಂತು ಕುಣಿದರು. ಏಣಿ ಅಲ್ಲಾಡಲಿಲ್ಲ. ಇಳಿದು ಬಂದು ಪಾದವನ್ನು ಬಿಚ್ಚಿ ನೋಡಿದರು. ಪಾದವನ್ನು ಏಣಿಯ ಕಾಲಿಗೆ ಸೇರಿಸುವ ಕಡೆ ಒಂದು ಪಿನ್ನು, ಆ ಪಿನ್ನು ಕೂರಲು ಒಂದು ತೂತು. ಆ ತೂತು ಗುಂಡಗಿರಲಿಲ್ಲ. ಮೇಲೆ ಅಗಲ, ಕೆಳಗೆ ಕಿರಿದು, ಒಂಚೂರು ಓರೆ. ಡ್ರಿಲ್ ಜಾರಿ ಕೆಟ್ಟ ಹಾಗೆ ಕಾಣುತ್ತಿತ್ತು.

ಪೇಂಟರ್ ನಾಚಿಕೊಂಡು, "ತೂತು ಒಂಥರಾ ಇದೆ ಸ್ವಾಮಿ" ಎಂದರು.

ಅಣ್ಣ ಅವರ ಬೆನ್ನು ತಟ್ಟಿ, "ಇರ್ಲಿ ಬಿಡಪ್ಪ. ಒಳ್ಳೆ ಮಷೀನು ಎಲ್ಲರ ಹತ್ರಾನೂ ಇರುತ್ತಾ? ಚಿತ್ರದಲ್ಲಿ ನಾನು ಸರಿ ಮಾಡ್ತೀನಿ" ಎಂದರು.

ನೋಡಿ — ಪ್ರೀತಿಯಿಂದಲೇ ಹೇಳಿದ್ದು ಅದು. ಬಡವನ ವಸ್ತು ದೊಡ್ಡ ಕಚೇರಿಗೆ ಹೋಗುವಾಗ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಲಿ ಎಂದು. ಅಣ್ಣ ತೂತನ್ನು ಗುಂಡಗೆ ಬರೆದರು. ಎಂಥ ಗುಂಡು! ಅದರೊಳಗೆ ಪಿನ್ನು ಬೆರಳಿಗೆ ಉಂಗುರ ಕೂತ ಹಾಗೆ ಕೂತಿತ್ತು. ಸರ್ ಆ ಚಿತ್ರವನ್ನು ನೋಡಿಕೊಂಡೇ ಬರಹ ಬರೆದರು. ಗುಂಡನೆಯ ತೂತು ಎಂದೇ ಬರೆದರು. ಪೇಂಟರ್ ಬಂದು ನೋಡಿ, ಸಹಿ ಹಾಕಿ ಹೋದರು. ಆಮೇಲೆ ಕೇಳಿದಾಗ ಅವರು ಹೇಳಿದ್ದು, "ದೊಡ್ಡೋರು ಸರಿ ಮಾಡ್ತೀನಿ ಅಂದ್ರಲ್ಲ, ಕಾಗದದಲ್ಲಿ ಹೀಗೇ ಇರ್ಬೇಕೇನೋ ಅಂದ್ಕೊಂಡೆ."

ಆ ವಾರ ಅತ್ತಿಗೆ ಊರಲ್ಲಿರಲಿಲ್ಲ. ಮಗಳ ಮನೆಗೆ ಹೋಗಿದ್ದರು. ಚಿತ್ರವನ್ನು ಆಡಿಸಿ ನೋಡುವವರು ಇರಲಿಲ್ಲ. ಮೇಳ ಹತ್ತಿರ ಬಂದಿತ್ತು. ಅಣ್ಣನ ಕೈಯಿಂದ ಮೊದಲ ಸಲ ಒಂದು ಚಿತ್ರ, ಅಡುಗೆಮನೆ ನೋಡದೆ ಲಕೋಟೆಗೆ ಹೋಯಿತು.

ಮೇಳದ ಹಿಂದಿನ ದಿನ ಬೆಳಗ್ಗೆ ಅತ್ತಿಗೆ ವಾಪಸ್ಸು ಬಂದರು. ಚೀಲ ಇನ್ನೂ ಬಾಗಿಲ ಹತ್ತಿರವೇ ಇತ್ತಂತೆ. ಅಣ್ಣ ಕಾಫಿ ಲೋಟದ ಪಕ್ಕ ಆ ಚಿತ್ರದ ಪ್ರತಿ ಹಾಸಿದರು. ಮುಂದಿನದನ್ನು ಅತ್ತಿಗೆ ನನಗೆ ಎಷ್ಟೋ ಸಲ ಹೇಳಿದ್ದಾರೆ, ಅವರ ಮಾತಿನಲ್ಲೇ ಹೇಳುತ್ತೇನೆ.

"ಏಣಿ ಕಾಲು ಇದು" ಎಂದರು ಅತ್ತಿಗೆ. "ನೆಲ ಓರೆ ಇದ್ರೆ ಪಾದ ತಿರುಗುತ್ತೆ. ಸರಿ. ತಿರುಗೋದು ಸರಿ, ನಿಲ್ಲೋದು ಯಾವಾಗ?"

"ಅಂದ್ರೆ?"

"ತಿರುಗ್ತಾನೇ ಇರುತ್ತಲ್ರೀ ಇದು, ಬಾಗಿಲ ಕೀಲಿನ ಥರ. ಹತ್ತಿದ ಮೇಲೂ ತಿರುಗಿದ್ರೆ ಹತ್ತಿದೋರ ಗತಿ?"

"ಇಲ್ಲ ಕಣೇ. ನಾನೇ ಹತ್ತಿ ನೋಡಿದೀನಿ. ಬಂಡೆ ಥರ ನಿಂತಿತ್ತು."

ಅತ್ತಿಗೆ ಹಾಳೆಯನ್ನು ಮತ್ತೆ ನೋಡಿದರು. ಬೆರಳನ್ನು ಆ ಗುಂಡನೆಯ ತೂತಿನ ಮೇಲೆ ಇಟ್ಟರು. "ಹಾಗಾದ್ರೆ ನೀವು ಹತ್ತಿದ್ದು ಇದನ್ನಲ್ಲ" ಎಂದರು.

ಅಷ್ಟೇ. ಅಣ್ಣ ಲೋಟ ಕೆಳಗಿಟ್ಟರು. ಅವರಿಗೆ ಆ ಕೆಟ್ಟ ತೂತು ಕಣ್ಣ ಮುಂದೆ ಬಂತು. ಮೇಲೆ ಅಗಲ — ಅಲ್ಲಿ ಪಿನ್ನು ಸಡಿಲವಾಗಿರುತ್ತದೆ, ಪಾದ ತಿರುಗಿ ನೆಲಕ್ಕೆ ಹೊಂದಿಕೊಳ್ಳುತ್ತದೆ. ಮನುಷ್ಯ ಹತ್ತಿದಾಗ ಭಾರ ಬೀಳುತ್ತದೆ, ಪಿನ್ನು ಕೆಳಗಿನ ಕಿರಿದಾದ ಕಡೆಗೆ ಜಾರಿ ಕಚ್ಚಿಕೊಳ್ಳುತ್ತದೆ. ಭಾರ ಬಿದ್ದಷ್ಟೂ ಬಿಗಿ. ಅವರು ಡ್ರಿಲ್ಲಿನ ತಪ್ಪು ಎಂದುಕೊಂಡದ್ದೇ ಆ ಮನುಷ್ಯ ಕಂಡುಹಿಡಿದದ್ದು. ಉಳಿದದ್ದೆಲ್ಲ ಬರೀ ಕಬ್ಬಿಣ ಮತ್ತು ರಬ್ಬರು.

ಆಗ ಅವರು ಓಡಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅತ್ತಿಗೆಯದು.

ನಾನು ಆಗಷ್ಟೇ ಮೇಜು ಒರೆಸುತ್ತಿದ್ದೆ. ಬಾಗಿಲಲ್ಲಿ ಅಣ್ಣ. ಏದುಸಿರು. "ಲಕೋಟೆ ಎಲ್ಲಿ?" ಎಂದರು. ನಮ್ಮ ಕಚೇರಿಯ ಗುಮಾಸ್ತರು ಅದನ್ನು ತೆಗೆದುಕೊಂಡು ಪೇಟೆಂಟ್ ಕಚೇರಿಗೆ ಆಗಲೇ ಹೊರಟಿದ್ದರು. ನಾನು ಹಾಗೆ ಹೇಳುವಷ್ಟರಲ್ಲಿ ಅಣ್ಣ ಬೀದಿಯಲ್ಲಿದ್ದರು. ನಾನೂ ಹಿಂದೆ ಓಡಿದೆ. ಮೂಲೆಯ ಬೀಗದ ಕೈ ಅಂಗಡಿಯವರು ಎದ್ದು ನಿಂತು, "ಏನ್ರೀ, ಯಾರಿಗೆ ಏನಾಯ್ತು?" ಎಂದು ಕೂಗಿದರು. ಅಣ್ಣ ಓಡುತ್ತಲೇ, "ಏನೂ ಆಗ್ಬಾರ್ದು ಅಂತಾನೇ ಓಡ್ತಿರೋದು!" ಎಂದರು.

ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತರು ಸಾಲಿನಲ್ಲಿ ಮುಂದೆ ಬಂದು ಕಿಟಕಿಯೊಳಗೆ ಕೈ ಚಾಚಿದ್ದರು. ಅಣ್ಣ ಆ ಕೈಯನ್ನು ಲಕೋಟೆಯ ಸಮೇತ ಹಿಂದಕ್ಕೆ ಎಳೆದರು. ಕಳ್ಳ ಎಂದುಕೊಂಡು ಗುಮಾಸ್ತರು ಹೊಡೆಯಲು ಹೋದರು, ಮುಖ ನೋಡಿ, "ಅಯ್ಯೋ, ನಿಧಾನಪ್ಪೋರಾ?" ಎಂದರು. ಎದುರಿಗೇ ಎಂದರು.

ಸರ್, ಈಗ ನಿಮ್ಮ ಸರದಿ. ಬೇಜಾರು ಮಾಡಿಕೊಳ್ಳಬೇಡಿ.

ಸರ್ ಕೋಪ ಮಾಡಿಕೊಂಡರು. ಮಾಡಿಕೊಳ್ಳದೆ ಇರುತ್ತಾರೆಯೇ? ಆ ಪಾದ ಹಾಕಿದ ಏಣಿಗಳೆಲ್ಲ ಆಗಲೇ ಮೇಳದ ಹಾಲ್‌ಗೆ ಹೋಗಿದ್ದವು. ಬೆಳಗಾದರೆ ಬಾಗಿಲು ತೆರೆಯುತ್ತದೆ. ಅರ್ಜಿ ಆ ಸಂಜೆ ಕಿಟಕಿ ಮುಚ್ಚುವುದರೊಳಗೆ ಹೋಗಲೇಬೇಕು. ಒಂದು ಸಲ ಹಾಕಿದ ಮೇಲೆ, ಅದರಲ್ಲಿ ಇಲ್ಲದ ಹೊಸದೇನನ್ನೂ ಆಮೇಲೆ ಸೇರಿಸುವ ಹಾಗಿಲ್ಲ. ಹೋದದ್ದೇ ಹೋದದ್ದು.

"ಇರೋದನ್ನೇ ಕೊಟ್ಟುಬಿಡೋಣ. ಇಷ್ಟು ಚೆಂದದ ಚಿತ್ರ, ಪೇಟೆಂಟ್ ಸಿಕ್ಕೇ ಸಿಗುತ್ತೆ. ತೂತು ಗುಂಡಗೋ ಉದ್ದಕ್ಕೋ ಯಾರು ನೋಡ್ತಾರೆ?" ಎಂದರು ಸರ್.

"ನಕಲು ಮಾಡೋನು ನೋಡ್ತಾನೆ ಸರ್" ಎಂದರು ಅಣ್ಣ. "ಮೊದಲು ನೋಡೋನೇ ಅವನು."

ಸರ್ ಲಕೋಟೆ ಬಿಚ್ಚಿ ಚಿತ್ರ ಹೊರಗೆ ತೆಗೆದರು.

"ಪೇಟೆಂಟ್ ಸಿಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಯಾವುದಕ್ಕೆ ಸಿಗುತ್ತೆ? ನಾನು ಬರೆದದ್ದಕ್ಕೆ ಸಿಗುತ್ತೆ. ಅವನು ಮಾಡಿದ್ದು ಬೀದೀಲಿ ನಿಲ್ಲುತ್ತೆ, ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದು. ಅಳತೇನೂ ಬರೆಯಲ್ಲ ನಾವು. ಆಕಾರ ಒಂದೇ ಇರೋದು ಸರ್ ನಮ್ಮ ಹತ್ರ. ಅದನ್ನೇ ತಿದ್ದಿಬಿಟ್ಟೆ ನಾನು."

ಸರ್ ಒಂದು ಕ್ಷಣ ಅಣ್ಣನ ಚಪ್ಪಲಿಗಳನ್ನು ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, "ಪೇಂಟರ್‌ಗೆ ಫೋನ್ ಮಾಡಿ" ಎಂದರು. ಅವತ್ತು ಸರ್ ಊಟ ಬಿಟ್ಟು ಬರಹವನ್ನು ಮೊದಲಿನಿಂದ ಬರೆದರು. ಅದನ್ನೂ ಇಲ್ಲಿ ಹೇಳಬೇಕು.

ಪೇಂಟರ್, ಪೇಂಟರಮ್ಮ ಇಬ್ಬರೂ ಬಂದರು, ಜೊತೆಗೆ ಮೇಳಕ್ಕೆ ಕಳಿಸದೆ ಮನೆಯಲ್ಲಿ ಉಳಿಸಿಕೊಂಡಿದ್ದ ಒಂದು ಪಾದ. ಅಣ್ಣ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, "ತಪ್ಪಾಯ್ತಪ್ಪ, ಮೊದಲಿಂದ ಹೇಳು. ನಾನು ಈ ಸಲ ಏನನ್ನೂ ಸರಿ ಮಾಡಲ್ಲ" ಎಂದರು.

ಪೇಂಟರ್ ಹೇಳಿದರು. ಮೊದಲು ಅವರೂ ಗುಂಡನೆಯ ತೂತೇ ಕೊರೆದಿದ್ದರಂತೆ. ಏಣಿ ಜಾರುತ್ತಿತ್ತು. ಒಂದು ಹಳೆಯ ಪಾದದಲ್ಲಿ ಮಾತ್ರ ತೂತು ಸವೆದು ಸವೆದು ಹೀಗಾಗಿತ್ತು, ಅದು ಮಾತ್ರ ಗಟ್ಟಿ ನಿಂತಿತು. ಆಮೇಲಿನದನ್ನೆಲ್ಲ ಅರ ಹಿಡಿದು ಹಾಗೇ ಉಜ್ಜಿದ್ದರು.

"ಇದಕ್ಕೆ ಏನಂತೀರಿ ನೀವು?" ಎಂದು ಅಣ್ಣ ತೂತು ತೋರಿಸಿ ಕೇಳಿದರು.

"ಮನೇಲಿ ಸಡಿಲ ಅಂತೀವಿ ಸ್ವಾಮಿ. 'ಸಡಿಲ ಉಜ್ಜಿದ್ರಾ?' ಅಂತ ಇವಳು ಕೇಳ್ತಾಳೆ."

ಮೊದಲಿನ ಚಿತ್ರದಲ್ಲಿ ಪಿನ್ನಿಗೆ ಅಂಕಿ ಇತ್ತು, ಬರೀ ತೂತು ಎಂದು ಇದಕ್ಕೆ ಇರಲಿಲ್ಲ. ಈಗ ಅಣ್ಣ ಅದಕ್ಕೊಂದು ಅಂಕಿ ಕೊಟ್ಟರು. ಅದೊಂದನ್ನೇ ದೊಡ್ಡದಾಗಿ ತೋರಿಸುವ ಬೇರೆ ಚಿತ್ರವನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಆಮೇಲೆ ಶಾಯಿಯ ಪೆನ್ನು ಎತ್ತಿದರು — ಇಟ್ಟುಬಿಟ್ಟರು. ಕೈ ನಡುಗುತ್ತಿತ್ತು. ಆ ವಯಸ್ಸಿನಲ್ಲಿ ಅಷ್ಟು ದೂರ ಓಡಿದ್ದರು.

ಅಣ್ಣ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ಗುಮಾಸ್ತರು ಬಾಗಿಲಿಗೂ ಗೋಡೆಯ ಗಡಿಯಾರಕ್ಕೂ ತಿರುಗುತ್ತಿದ್ದರು. ಸರ್ ಒಳಗಿನಿಂದ ಇಣುಕಿ ನೋಡಿ ಹೋದರು, ಮತ್ತೆ ಇಣುಕಿದರು. ನನಗೂ ತಡೆಯಲಾಗಲಿಲ್ಲ. "ಅಣ್ಣ, ಹೊತ್ತಾಗ್ತಿದೆ" ಎಂದೆ.

"ಕೈ ಇನ್ನೂ ಓಡ್ತಾ ಇದೆ ಕಣಮ್ಮ" ಎಂದರು. "ಅದು ಬಂದು ಸೇರ್ಲಿ."

ನಾವೆಲ್ಲ ಕಾದೆವು. ನನಗೆ ಇವತ್ತಿಗೂ ಆ ಕೋಣೆ ಕಾಣುತ್ತದೆ — ಒಬ್ಬ ಮನುಷ್ಯ ತನ್ನ ಕೈ ಬಂದು ಸೇರಲಿ ಎಂದು ಕಾಯುತ್ತಿರುವುದು, ನಾವೆಲ್ಲ ಉಸಿರು ಹಿಡಿದು ಅವರ ಜೊತೆ ಕಾಯುತ್ತಿರುವುದು. ಮಗು ಶಾಲೆಯಿಂದ ಬರುವುದನ್ನು ಕಾಯುವ ಹಾಗೆ. ಕೊನೆಗೆ ಅಣ್ಣ ಬೆರಳುಗಳನ್ನು ಬಿಚ್ಚಿ ನೋಡಿದರು, "ಹೂಂ, ಬಂತು" ಎಂದರು. ಪೆನ್ನು ಎತ್ತಿಕೊಂಡು, ಆ ಓರೆ ತೂತಿನ ಸುತ್ತ ಒಂದೇ ಉಸಿರಿಗೆ ಗೆರೆ ಎಳೆದರು. ಮೇಲೆ ಅಗಲ, ಕೆಳಗೆ ಕಿರಿದು, ಒಂಚೂರು ಓರೆ. ಇದ್ದ ಹಾಗೆ. ಅಂಕಿಯ ಗೆರೆಗಳನ್ನು ನಾನು ಎಳೆದೆ.

ಶಾಯಿ ಒಣಗಿದ ಮೇಲೆ ಲಕೋಟೆಗೆ ಹಾಕಲು ಗುಮಾಸ್ತರು ಕೈ ಚಾಚಿದರು. ಅಣ್ಣ ಕೊಡಲಿಲ್ಲ. ಹಾಳೆಯನ್ನು ತೆಗೆದುಕೊಂಡು ಹೋಗಿ ಪೇಂಟರಮ್ಮನ ಮುಂದೆ ಇಟ್ಟರು. ಅವರು ಅಷ್ಟು ಹೊತ್ತೂ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದರು.

"ತಾಯಿ, ಹತ್ತಿ ನೋಡಿ" ಎಂದರು ಅಣ್ಣ. "ಕಾಗದದ ಮೇಲೆ."

ಪೇಂಟರಮ್ಮ ಗಂಡನ ಮುಖ ನೋಡಿದರು. ಆಮೇಲೆ ಬೆರಳು ಇಟ್ಟರು. ಬೆರಳ ತುದಿಯಲ್ಲಿ ಹಳದಿ ಬಣ್ಣ ಒಣಗಿತ್ತು. "ಇಲ್ಲಿ ಕಲ್ಲಿದೆ" ಎಂದರು ಮೆಲ್ಲಗೆ. "ಪಾದ ಈ ಕಡೆ ವಾಲ್ತು. ಕೂತ್ಕೊಂಡಿತು. ಈಗ ನಾನು ಕಾಲಿಟ್ಟೆ... ಭಾರ ಬಂತು... ಪಿನ್ನು ಇಳೀತು... ಕಚ್ಕೊಂಡಿತು." ಬೆರಳು ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಅವರು, "ಹತ್ತಬಹುದು" ಎಂದರು.

ಆ ಮಾತು ಅಷ್ಟೇ. ಗುಮಾಸ್ತರು ಲಕೋಟೆ ಹಿಡಿದು ಓಡಿದರು. ಕಿಟಕಿ ಮುಚ್ಚುವ ಮೊದಲೇ ತಲುಪಿದರು.

ಆಮೇಲೆ ಏನಾಯಿತು ಎಂದು ನಮ್ಮ ಕಚೇರಿಯವರಿಗೆ ಗೊತ್ತು. ಮಿಕ್ಕವರಿಗಾಗಿ ಹೇಳುತ್ತೇನೆ. ಪೇಟೆಂಟ್ ಸಿಕ್ಕಿತು. ಸಿಕ್ಕ ಮೇಲೆ, ಏಣಿ ಮಾಡುವ ಒಂದು ದೊಡ್ಡ ಕಾರ್ಖಾನೆಯವರು ಅಂಥದ್ದೇ ಪಾದವನ್ನು ಮಾರಲು ಶುರು ಮಾಡಿದರು. ರಬ್ಬರು ಬೇರೆ, ಬಣ್ಣ ಬೇರೆ, ಒಳಗೆ ಮಾತ್ರ ಅದೇ ತೂತು. ಕೇಳಲು ಹೋದಾಗ ಅವರ ವಕೀಲರು ನಗುತ್ತಾ ಬಂದು ಕೂತರು. ಸರ್ ಏನೂ ವಾದ ಮಾಡಲಿಲ್ಲ. ಆ ಚಿತ್ರವನ್ನು ತೆಗೆದು ಅವರ ಮುಂದೆ ಇಟ್ಟರು. ವಕೀಲರು ನೋಡಿದರು. ತಮ್ಮ ಕಡೆಯವರ ಪಾದವನ್ನು ನೋಡಿದರು. ಮತ್ತೆ ಚಿತ್ರವನ್ನು ನೋಡಿದರು. ಆಮೇಲೆ ನಗಲಿಲ್ಲ. ಈಗ ಆ ಕಾರ್ಖಾನೆಯವರು ಪೇಂಟರ್ ಅವರ ಒಪ್ಪಿಗೆ ಪಡೆದೇ ಮಾಡುತ್ತಿದ್ದಾರೆ.

ಈ ಸುದ್ದಿ ಬರುವ ಹೊತ್ತಿಗೆ ಅಣ್ಣ ಹಾಸಿಗೆ ಹಿಡಿದಿದ್ದರು. ಎದೆಯ ಕಾಯಿಲೆ. ಮಾತಾಡಿದರೆ ಆಯಾಸ. ಪೇಂಟರ್ ಹಣ್ಣು ತೆಗೆದುಕೊಂಡು ನೋಡಲು ಹೋದರು, ನಾನೂ ಹೋಗಿದ್ದೆ. ಕಾರ್ಖಾನೆ, ವಕೀಲರು, ಒಪ್ಪಂದ ಎಲ್ಲವನ್ನೂ ಪೇಂಟರ್ ಒಂದೂ ಬಿಡದೆ ಹೇಳಿದರು. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದರು. ಎಲ್ಲ ಮುಗಿದ ಮೇಲೆ ಕಣ್ಣು ಬಿಟ್ಟು ಒಂದೇ ಒಂದು ಮಾತು ಕೇಳಿದರು.

"ಅವರು ಹತ್ತುತ್ತಾರಾ ಈಗ?"

"ಹತ್ತುತ್ತಾಳೆ ಸ್ವಾಮಿ" ಎಂದರು ಪೇಂಟರ್. "ಇಳಿಯೇ ಅಂದ್ರೂ ಇಳಿಯಲ್ಲ. ಮೇಲಿಂದಾನೇ ನನ್ನ ಬೈತಾಳೆ."

ಅಣ್ಣ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಅತ್ತಿಗೆ ಬಂದು, "ಸಾಕು, ಎಲ್ಲ ಏಳಿ, ನಗಿಸ್ಬೇಡಿ ಇವರನ್ನ" ಎಂದು ನಮ್ಮನ್ನು ಹೊರಗೆ ಕಳಿಸಿದರು. ನಾನು ಅಣ್ಣನನ್ನು ಕೊನೆಯ ಸಲ ನೋಡಿದ್ದು ಅದೇ. ನಗುತ್ತಿದ್ದರು. ಅದಕ್ಕೆ ನನಗೆ —

ಒಂದು ನಿಮಿಷ.

ಹಾಂ. ಮುಗಿಸುತ್ತೇನೆ.

ಆ ದಿನ ಆದ ಮೇಲೆ ಅಣ್ಣನ ಬಾಯಲ್ಲಿ "ಸರಿ ಮಾಡ್ತೀನಿ" ಎಂಬ ಮಾತು ನಾನು ಕೇಳಲಿಲ್ಲ. ಯಾರು ಏನು ತಂದರೂ, ಅದು ಎಷ್ಟೇ ಅಂಕುಡೊಂಕಾಗಿದ್ದರೂ, ಮೊದಲು "ಇದು ಹೀಗೆ ಯಾಕಿದೆ?" ಎಂದು ಕೇಳುತ್ತಿದ್ದರು. ವಸ್ತುಗಳಿಗೆ ಮಾತ್ರವಲ್ಲ. ನನ್ನ ಅಕ್ಷರ ಸ್ವಲ್ಪ ಎಡಕ್ಕೆ ವಾಲುತ್ತದೆ. ಅದನ್ನೂ ತಿದ್ದಲಿಲ್ಲ. ಹೇಗೆ ಕಲಿತೆ ಎಂದು ಕೇಳಿದರು. ಒಂದೇ ಬೆಂಚಿನಲ್ಲಿ ನಾಲ್ಕು ಮಕ್ಕಳು ಒತ್ತಿಕೊಂಡು ಕೂತು ಬರೆಯುತ್ತಿದ್ದೆವು, ಬಲಕ್ಕೆ ಮೊಣಕೈ ಚಾಚಲು ಜಾಗವಿರಲಿಲ್ಲ ಎಂದೆ. ಅಣ್ಣ ತಲೆಯಾಡಿಸಿ, "ಹಾಗಾದ್ರೆ ಸರಿಯಾಗೇ ಇದೆ" ಎಂದರು.

ಇವತ್ತು ಇಲ್ಲಿ ಇಟ್ಟಿರುವ ಫೋಟೊ ನೋಡಿ. ಒಂದು ಕಡೆಯ ಕಾಲರು ಒಳಗೆ ಮಡಚಿಕೊಂಡಿದೆ. ಕೂದಲು ಹಿಂದಿನಿಂದ ಎದ್ದು ನಿಂತಿದೆ. ಸ್ಟುಡಿಯೋದವರು, "ಅಮ್ಮ, ಐದೇ ನಿಮಿಷ, ಕಂಪ್ಯೂಟರಲ್ಲಿ ಕಾಲರ್ ನೆಟ್ಟಗೆ ಮಾಡಿ ಕೂದಲು ಕೂರಿಸಿ ಕೊಡ್ತೀನಿ" ಎಂದರಂತೆ. ಅತ್ತಿಗೆ ಬೇಡ ಎಂದರು. "ನಾನು ಬಾಳಿದ್ದು ಇವರ ಜೊತೆ. ನೀವು ತಿದ್ದಿ ಮಾಡಿಕೊಡೋರ ಜೊತೆ ಅಲ್ಲ" ಎಂದರು.

ಈಗ ನಾವೆಲ್ಲ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲಬೇಕು. ಇಂಥ ಹೊತ್ತಿನಲ್ಲಿ ನೆಟ್ಟಗೆ, ಕೈ ಕೆಳಗೆ ಬಿಟ್ಟು, ತಲೆ ತಗ್ಗಿಸಿ ನಿಲ್ಲಿ ಎಂದು ಹೇಳುವುದು ವಾಡಿಕೆ. ನಾನು ಹಾಗೆ ಹೇಳುವುದಿಲ್ಲ. ಬೆನ್ನು ಬಾಗಿದವರು ಬಾಗಿಯೇ ನಿಲ್ಲಿ. ಒಂದು ಕಾಲು ಗಿಡ್ಡವಿರುವವರು ಆ ಕಾಲಿನ ಮೇಲೆಯೇ ವಾಲಿಕೊಂಡು ನಿಲ್ಲಿ. ಪಕ್ಕದವರನ್ನು ಹಿಡಿದುಕೊಂಡು ನಿಲ್ಲುವವರು ಹಿಡಿದುಕೊಳ್ಳಿ. ಅಳುವವರು ಅಳಿ, ಕಣ್ಣು ಒರೆಸಿಕೊಳ್ಳಬೇಡಿ. ಅತ್ತಿಗೆ, ನೀವು ಕೂತಿರಬೇಕೆನಿಸಿದರೆ ಕೂತೇ ಇರಿ.

ಗಡಿಯಾರ ನೋಡುವುದು ಬೇಡ. ನಮ್ಮ ಮನಸ್ಸು ಇನ್ನೂ ಎಲ್ಲೆಲ್ಲೋ ಓಡುತ್ತಿರಬಹುದು. ಅದು ಬಂದು ಸೇರುವ ತನಕ ನಿಲ್ಲೋಣ.

ಎಲ್ಲರೂ ಎದ್ದೇಳಿ. ಹೇಗಿದ್ದೀರೋ ಹಾಗೇ.